ಕಾರ್ಪೊರೇಟ್ ಕೆಲಸ ಬಿಟ್ಟ ಮೇಲೆ ಹಣ, ವೃತ್ತಿ ಮತ್ತು ಸಂಬಂಧ: ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿ ಮತ್ತು ಇತರ ಖಾಸಗಿ ಕಂಪನಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದು, ಸ್ವಂತ ಕೆಲಸಕ್ಕೋ ಬೇಸಾಯಕ್ಕೋ ಮಕ್ಕಳ ಆರೈಕೆಗೋ ಹೊರಬರುವವರು ಹಣಕಾಸಿನ ಸಲಹೆಗೆ ಬಂದಾಗ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೆಲವು ಪ್ರಶ್ನೆಗಳು ಪಿಎಫ್, ವಿಮೆ, ತೆರಿಗೆಗೆ ಸಂಬಂಧಿಸಿದವು. ಉಳಿದವು ಗಂಡ ಹೆಂಡತಿ, ಒಡಹುಟ್ಟಿದವರು ಮತ್ತು ಗೆಳೆಯರಿಗೆ ಸಂಬಂಧಿಸಿದವು. ಇವೆರಡನ್ನು ಬೇರೆ ಬೇರೆ ಎಂದುಕೊಂಡವರೇ ಹೆಚ್ಚು ಕಷ್ಟಕ್ಕೆ ಸಿಲುಕುವುದನ್ನು ಕಂಡಿರುವುದರಿಂದ ಎರಡನ್ನೂ ಒಟ್ಟಿಗೇ ಇಟ್ಟಿದ್ದೇನೆ.

ಕೆಲಸ ಬಿಡುವ ಮೊದಲು ಎಷ್ಟು ಹಣ ಕೂಡಿಟ್ಟಿರಬೇಕು?

ಎಲ್ಲರಿಗೂ ಹೊಂದುವ ಒಂದೇ ಮೊತ್ತ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಮನೆಯ ಒಂದು ಪೂರ್ತಿ ವರ್ಷದ ಖರ್ಚನ್ನು ಲೆಕ್ಕ ಹಾಕಬೇಕು. ಬಾಡಿಗೆ, ದಿನಸಿ, ಹಾಲು, ಕರೆಂಟ್ ಬಿಲ್ಲುಗಳನ್ನು ಯಾರೂ ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಬರುವ ಶಾಲಾ ಶುಲ್ಕ, ವಾಹನ ವಿಮೆ, ಆಸ್ತಿ ತೆರಿಗೆ, ಗೌರಿ ಗಣೇಶ ಮತ್ತು ದೀಪಾವಳಿಯ ಖರ್ಚು, ಊರಿಗೆ ಹೋಗಿಬರುವ ಖರ್ಚುಗಳೇ ಲೆಕ್ಕದಿಂದ ತಪ್ಪಿಹೋಗುತ್ತವೆ. ಎಲ್ಲವನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ ಸಿಗುವ ಅಂಕಿ, ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಅಂಥ ಹದಿನೆಂಟು ತಿಂಗಳ ಖರ್ಚು ಕೈಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳ ಹಣ ಸಾಕೆಂಬ ಮಾತು ಒಂದು ನೌಕರಿ ಬಿಟ್ಟು ಇನ್ನೊಂದನ್ನು ಹುಡುಕುವವರಿಗೆ ಹೊಂದುತ್ತದೆ. ಸ್ವಂತ ಕೆಲಸ ಆರಂಭಿಸುವವರಿಗೆ ಮೊದಲ ಗ್ರಾಹಕ ಸಿಕ್ಕಿ, ಕೆಲಸ ಮುಗಿದು, ಬಿಲ್ಲಿನ ಹಣ ಕೈಸೇರುವ ಹೊತ್ತಿಗೆ ಆ ಆರು ತಿಂಗಳು ಕಳೆದೇ ಹೋಗಿರುತ್ತವೆ. ಮನೆ ಸಾಲವಿದ್ದರೆ ಒಂದು ವರ್ಷದ ಕಂತುಗಳನ್ನು ಬೇರೆಯದೇ ಖಾತೆಯಲ್ಲಿ ಇಡಿ. ಹೊಸ ಸಾಲ ಬೇಕಾಗುವ ಸಾಧ್ಯತೆಯನ್ನೂ ಈಗಲೇ ಯೋಚಿಸಿ, ಏಕೆಂದರೆ ಸಂಬಳದ ಚೀಟಿ ಇಲ್ಲದವರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ.

ಹಾಗೆ ಕೂಡಿಟ್ಟ ಹಣದಿಂದ ಪ್ರತಿ ತಿಂಗಳ 1ನೇ ತಾರೀಖಿಗೆ ನಿಗದಿತ ಮೊತ್ತ ಮನೆ ಖರ್ಚಿನ ಖಾತೆಗೆ ತಾನಾಗಿಯೇ ವರ್ಗವಾಗುವಂತೆ ಏರ್ಪಾಡು ಮಾಡಿ. ಇದು ಚಿಕ್ಕ ವಿಷಯವೆಂದು ತೋರಬಹುದು. ಆದರೆ ಮನೆಗಳನ್ನು ಇಷ್ಟು ವರ್ಷ ನೆಮ್ಮದಿಯಾಗಿ ಇಟ್ಟದ್ದು ಸಂಬಳದ ಮೊತ್ತಕ್ಕಿಂತ ಅದು ತಪ್ಪದೆ ಬರುತ್ತಿದ್ದ ಕ್ರಮ ಎಂಬುದನ್ನು ನಾನು ದೃಢವಾಗಿ ನಂಬುತ್ತೇನೆ.

ಹಣಕ್ಕೆ ಕೊರತೆಯಿಲ್ಲದಿದ್ದರೂ ಸಂಬಳ ನಿಂತ ಕೂಡಲೇ ಮನೆಯಲ್ಲಿ ಮಾತುಕತೆ ಏಕೆ ಬದಲಾಗುತ್ತದೆ?

ಸಂಬಳ ಬರುವವರೆಗೆ ಯಾರ ಹಣದಿಂದ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಸಂಬಳ ನಿಂತಾಗ ಆ ಪ್ರಶ್ನೆ ದಿನಕ್ಕೆ ನಾಲ್ಕು ಬಾರಿ ಎದುರಾಗುತ್ತದೆ.

ಸಲಹೆಗೆ ಬಂದಿದ್ದ ಒಬ್ಬ ದಂಪತಿಯ ವಿಚಾರ ಹೇಳುತ್ತೇನೆ. ಗಂಡ ಕಂಪನಿ ಕೆಲಸ ಬಿಟ್ಟು ಮರಗೆಲಸದ ಸಣ್ಣ ವರ್ಕ್‌ಶಾಪ್ ಹಾಕಿದ್ದರು, ಹೆಂಡತಿ ಕಾಲೇಜಿನಲ್ಲಿ ಉಪನ್ಯಾಸಕಿ. ಮನೆಯಲ್ಲಿ ಹಣದ ವಿಷಯಕ್ಕೆ ಜಗಳವೇ ಆಗಿಲ್ಲ ಎಂದು ಇಬ್ಬರೂ ಹೇಳಿದರು. ಕೇಳಿದಾಗಲೆಲ್ಲ ಕಳುಹಿಸಿದ್ದೇನೆ ಎಂದು ಆಕೆ ಮೊಬೈಲ್ ತೆಗೆದು ಯುಪಿಐ ಪಟ್ಟಿಯನ್ನು ತೋರಿಸಿದರು: ಪೆಟ್ರೋಲಿಗೆ 300, ಕ್ಷೌರಕ್ಕೆ 150, ಹಳೆಯ ಸಹೋದ್ಯೋಗಿಯನ್ನು ಭೇಟಿಯಾಗಲು 500. ಪ್ರತಿ ಮೊತ್ತದ ಮೇಲೆ ಗಂಡನ ಒಂದೊಂದು ಸಂದೇಶವಿತ್ತು, ಮೊದಮೊದಲಿನ ಸಂದೇಶಗಳು ಸಹಜವಾಗಿದ್ದರೆ ಬರಬರುತ್ತ ಅವುಗಳಲ್ಲಿ ಕಾರಣ ವಿವರಿಸುವ ಧಾಟಿ ಬಂದಿತ್ತು. ಆ ಪಟ್ಟಿಯನ್ನು ಒಟ್ಟಿಗೆ ನೋಡುವಾಗಲೇ ಗಂಡ, ಕೇಳಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಜನರನ್ನು ಭೇಟಿಯಾಗುವುದನ್ನು ನಿಲ್ಲಿಸಿದ್ದಾಗಿ ಹೇಳಿದರು. ಸ್ವಂತ ಕೆಲಸದಲ್ಲಿ ಜನರನ್ನು ಭೇಟಿಯಾಗದಿದ್ದರೆ ಆರ್ಡರ್ ಬರುವುದಿಲ್ಲ. ಹೀಗೆ ಮನೆಯೊಳಗಿನ ಸಂಕೋಚವೇ ವರ್ಕ್‌ಶಾಪಿನ ಆದಾಯವನ್ನು ಕುಗ್ಗಿಸುತ್ತಿತ್ತು.

ನಾನು ಸೂಚಿಸಿದ್ದು ಇಷ್ಟೇ: ಪ್ರತಿ ತಿಂಗಳ 1ರಂದು ಹೆಂಡತಿಯ ಖಾತೆಯಿಂದ ಗಂಡನ ಖಾತೆಗೆ ಒಂದು ನಿಗದಿತ ಮೊತ್ತ ಹೋಗಬೇಕು, ಅದರ ಲೆಕ್ಕವನ್ನು ಯಾರೂ ಕೇಳಬಾರದು, ವರ್ಕ್‌ಶಾಪಿನಿಂದ ಬರುವ ಹಣದಲ್ಲಿ ಮನೆಗೆ ಎಷ್ಟು ಭಾಗ ಎಂಬುದನ್ನು ಮೂರು ತಿಂಗಳಿಗೊಮ್ಮೆ ಕುಳಿತು ತೀರ್ಮಾನಿಸಬೇಕು. ಒಟ್ಟು ಹಣದಲ್ಲಿ ಒಂದು ರೂಪಾಯಿಯೂ ಹೆಚ್ಚು ಕಡಿಮೆ ಆಗಲಿಲ್ಲ, ಆದರೆ ಪ್ರತಿ ಬಾರಿ ಕೈಚಾಚುವುದು ತಪ್ಪಿತು. ದುಡಿಮೆ ಬಿಟ್ಟವರು ಗಂಡನೇ ಆಗಲಿ ಹೆಂಡತಿಯೇ ಆಗಲಿ, ಈ ಏರ್ಪಾಡನ್ನು ರಾಜೀನಾಮೆ ಪತ್ರ ಕೊಡುವ ಮೊದಲೇ ಮಾಡಿಕೊಳ್ಳಿ.

ಸಂಗಾತಿಯ ಸಂಬಳದಲ್ಲಿ ಮನೆ ನಡೆಸುತ್ತ ಉದ್ಯಮ ಕಟ್ಟುವುದು ತಪ್ಪೇ?

ಖಂಡಿತ ತಪ್ಪಲ್ಲ. ನಾವೆಲ್ಲ ಕೇಳಿರುವ ಉದಾಹರಣೆಯೊಂದು ನಮ್ಮಲ್ಲೇ ಇದೆ. ಎನ್.ಆರ್. ನಾರಾಯಣಮೂರ್ತಿ ಅವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಬಿಟ್ಟು 1981ರಲ್ಲಿ ಸಹೋದ್ಯೋಗಿಗಳೊಂದಿಗೆ ಪುಣೆಯಲ್ಲಿ ಇನ್ಫೊಸಿಸ್ ಆರಂಭಿಸಿದಾಗ, ಸುಧಾ ಮೂರ್ತಿ ಅವರು ತಮ್ಮ ಉಳಿತಾಯದಿಂದ 10,000 ರೂಪಾಯಿ ಕೊಟ್ಟರು ಎಂಬ ಸಂಗತಿ ಮನೆಮಾತಾಗಿದೆ. ಅದೇ ಕಾಲದಲ್ಲಿ ಸಂಸಾರದ ಖರ್ಚಿನ ಹೊಣೆಯನ್ನು ಹೊತ್ತು ತಾವು ನೌಕರಿ ಮಾಡುತ್ತಿದ್ದುದನ್ನು ಅವರು ಹಲವು ಬಾರಿ ಹೇಳಿದ್ದಾರೆ. ಜನ ನೆನಪಿಡುವುದು 10,000 ರೂಪಾಯಿಯನ್ನು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ತಿಂಗಳು ತಿಂಗಳು ಮನೆಗೆ ಬರುತ್ತಿದ್ದ ಆ ಸಂಬಳ. ಬಂಡವಾಳವನ್ನು ಬೇರೆಯವರೂ ಕೊಡಬಹುದು, ಅಡುಗೆಮನೆ ನಡೆಸುವ ಹಣವನ್ನು ಹೂಡಿಕೆದಾರರು ಕೊಡುವುದಿಲ್ಲ.

ಆದರೆ ಅಂಥ ಹೊಣೆಗೆ ಕಾಲಮಿತಿ ಇರಬೇಕು. ಎಷ್ಟು ವರ್ಷ, ಯಾವ ಆದಾಯ ಮುಟ್ಟದಿದ್ದರೆ ಮರಳಿ ನೌಕರಿ, ಉದ್ಯಮದಲ್ಲಿ ಸಂಗಾತಿಗೆ ಪಾಲು ಉಂಟೇ ಎಂಬ ಮೂರನ್ನು ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ. ಉದ್ಯಮಕ್ಕೆ ಸಾಲ ಮಾಡುವವರು ಇನ್ನೊಂದನ್ನು ಗಮನಿಸಬೇಕು: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹೆಸರಿನಲ್ಲಿ ಮಾಡಿಸಿದ ವಿಮೆ ಅವರಿಗಾಗಿ ಇಟ್ಟ ಟ್ರಸ್ಟ್ ಎನಿಸಿಕೊಳ್ಳುತ್ತದೆ, ಸಾಲ ಕೊಟ್ಟವರು ಅದಕ್ಕೆ ಕೈಹಾಕುವಂತಿಲ್ಲ. ಟರ್ಮ್ ಪಾಲಿಸಿ (ನಿಗದಿತ ಅವಧಿಯ ಜೀವ ವಿಮೆ) ಕೊಳ್ಳುವಾಗಲೇ ಇದನ್ನು ಆಯ್ದುಕೊಳ್ಳಬೇಕು.

ಮಕ್ಕಳಿಗಾಗಿ ನಾನು ಕೆಲಸ ಬಿಡುತ್ತಿದ್ದೇನೆ. ಗಂಡನ ಸಂಬಳ ಇಬ್ಬರಿಗೂ ಸಾಲುತ್ತದೆ. ಮತ್ತೇನು ಯೋಚಿಸಬೇಕು?

ನಿಮ್ಮ ಹೆಸರಿನಲ್ಲಿ ಹಣ ಬೆಳೆಯುತ್ತಿರುವುದನ್ನು ನೋಡಿಕೊಳ್ಳಬೇಕು. ಕೆಲಸದಲ್ಲಿದ್ದಾಗ ನಿಮ್ಮ ಮೂಲ ವೇತನದ ಶೇ 12ರಷ್ಟು ನಿಮ್ಮಿಂದಲೂ, ಅಷ್ಟೇ ಪಾಲು ಕಂಪನಿಯಿಂದಲೂ ಭವಿಷ್ಯ ನಿಧಿ ಮತ್ತು ಪಿಂಚಣಿಗೆ ಸೇರುತ್ತಿತ್ತು. ಕೆಲಸ ಬಿಟ್ಟ ದಿನದಿಂದ ಗಂಡನ ವೃದ್ಧಾಪ್ಯಕ್ಕೆ ಹಣ ಕೂಡುತ್ತ ಹೋಗುತ್ತದೆ, ನಿಮ್ಮದು ನಿಂತುಬಿಡುತ್ತದೆ. ಮಗುವನ್ನು ಬೆಳೆಸುವ ತೀರ್ಮಾನ ಇಬ್ಬರದೂ ಆಗಿರುವಾಗ ಅದರ ನಷ್ಟ ಒಬ್ಬರ ಮೇಲೇ ಬೀಳುವುದು ನ್ಯಾಯವಲ್ಲ. ಆದ್ದರಿಂದ ನಿಂತುಹೋದ ಪಿಎಫ್‌ನಷ್ಟು ಮೊತ್ತವಾದರೂ ಪ್ರತಿ ತಿಂಗಳು ನಿಮ್ಮ ಹೆಸರಿನ ಸಾರ್ವಜನಿಕ ಭವಿಷ್ಯ ನಿಧಿಗೆ (ಪಿಪಿಎಫ್) ಅಥವಾ ಮ್ಯೂಚುವಲ್ ಫಂಡಿಗೆ ಹೋಗಲಿ. ಪಿಪಿಎಫ್‌ನಲ್ಲಿ ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ ರೂಪಾಯಿ ತುಂಬಬಹುದು. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಆದರೆ ಆ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ ಎಂಬುದು ನೆನಪಿರಲಿ.

2024ರ ಜುಲೈ 10ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಸ್ವಂತ ಆದಾಯವಿಲ್ಲದ ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡ್‌ನಂಥ ಆರ್ಥಿಕ ಆಸರೆ ಕೊಡುವುದರ ಅಗತ್ಯವನ್ನು ಪ್ರಸ್ತಾಪಿಸಿದ್ದರು. ಓದಿ ದುಡಿದ ಹೆಣ್ಣುಮಕ್ಕಳಿಗೆ ಇದು ತಮಗೆ ಸಂಬಂಧಿಸದ ಮಾತೆಂದು ಅನ್ನಿಸಬಹುದು. ಹತ್ತು ವರ್ಷ ದುಡಿದು ಕೆಲಸ ಬಿಟ್ಟ ಎರಡೇ ವರ್ಷಕ್ಕೆ ತಮ್ಮ ತಾಯಿಗೆ ಸೀರೆ ಕೊಡಿಸಲು ಹಿಂದೆಮುಂದೆ ನೋಡುವವರನ್ನು ಕಂಡ ಮೇಲೆ, ಇದು ಎಲ್ಲರಿಗೂ ಅನ್ವಯಿಸುವ ಮಾತು ಎಂದೇ ನನಗೆ ತೋರುತ್ತದೆ.

ಪಿಎಫ್ ಹಣವನ್ನು ತೆಗೆದು ಉದ್ಯಮಕ್ಕೆ ಹಾಕಬಹುದೇ?

ಬೇಡ ಎಂದೇ ನನ್ನ ಸಲಹೆ. ಐದು ವರ್ಷ ಸತತ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪೂರ್ತಿ ಹಣ ತೆಗೆಯಲು ನಿರುದ್ಯೋಗದ ಎರಡು ತಿಂಗಳು ಕಾಯಬೇಕಿದ್ದ ಅವಧಿಯನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸಲು ನೌಕರರ ಭವಿಷ್ಯ ನಿಧಿ ಸಂಸ್ಥೆಯ (ಇಪಿಎಫ್‌ಒ) ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು; ಬಾಕಿಯ ಬಹುಭಾಗವನ್ನು ಮೊದಲೇ ತೆಗೆಯಲು ಅವಕಾಶವಿದ್ದರೂ ಅದಕ್ಕೆ ಕೈಹಾಕದಿರುವುದು ಒಳಿತು. 2024–25ರಲ್ಲಿ ಬಡ್ಡಿ ಶೇ 8.25 ಇತ್ತು, ಇಷ್ಟು ಭದ್ರವಾದ ಹಣಕ್ಕೆ ಬೇರೆಡೆ ಈ ದರ ಸುಲಭವಾಗಿ ಸಿಗುವುದಿಲ್ಲ. ಕೆಲಸ ಬಿಟ್ಟ ನಂತರ ಸೇರುವ ಬಡ್ಡಿಗೆ ಮಾತ್ರ ತೆರಿಗೆ ಕಟ್ಟಬೇಕು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೀಗೆಯೇ ತೀರ್ಪು ಕೊಟ್ಟಿದೆ. ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಹತ್ತು ವರ್ಷದ ಸೇವೆಗೆ 58ನೇ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ. ಒಂಬತ್ತು ವರ್ಷಕ್ಕೇ ಹೊರಡುತ್ತಿದ್ದರೆ ಆ ಸೇವೆಯನ್ನು ಉಳಿಸಿಡುವ ಯೋಜನಾ ಪ್ರಮಾಣಪತ್ರ ಪಡೆಯಿರಿ.

ಗ್ರಾಚ್ಯುಟಿ ಎಷ್ಟು ಬರುತ್ತದೆ?

ಸೇವೆ ಮುಗಿದಾಗ ಕಂಪನಿ ಕೊಡುವ ಈ ಇಡಿಗಂಟಿನ ಲೆಕ್ಕಕ್ಕೆ ಕೊನೆಯ ತಿಂಗಳ ಮೂಲ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲ ವೇತನ 60,000 ರೂಪಾಯಿ, ಸೇವೆ ಒಂಬತ್ತು ವರ್ಷವಾದರೆ ಸುಮಾರು 3,11,538 ರೂಪಾಯಿ. ಕಾಯಂ ನೌಕರರಿಗೆ ಐದು ವರ್ಷದ ಸತತ ಸೇವೆ ಬೇಕು, ಆದ್ದರಿಂದ ನಾಲ್ಕು ವರ್ಷ ಚಿಲ್ಲರೆ ಆಗಿರುವವರು ರಾಜೀನಾಮೆಯ ತಾರೀಖನ್ನು ಆತುರದಲ್ಲಿ ಬರೆಯಬಾರದು.

ಆರೋಗ್ಯ ವಿಮೆಯ ಗತಿ ಏನು? ಅಪ್ಪ ಅಮ್ಮ ಕಂಪನಿ ಪಾಲಿಸಿಯಲ್ಲೇ ಇದ್ದಾರೆ.

ಈ ಪುಟದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ: ಸ್ವಂತ ಆರೋಗ್ಯ ವಿಮೆ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷ ಕಾಯಬೇಕಾಗಬಹುದು. ತಂದೆಗೆ ಸಕ್ಕರೆ ಕಾಯಿಲೆ, ತಾಯಿಗೆ ಬಿಪಿ ಇದ್ದರೆ ಆ ಮೂರು ವರ್ಷವೇ ದೊಡ್ಡ ಅಪಾಯ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಈಗಾಗಲೇ ಕಳೆದ ಕಾಯುವ ಅವಧಿಯ ಲಾಭ ಸಿಗುತ್ತದೆ. ಈ ಅರ್ಜಿಯನ್ನು ನೋಟಿಸ್ ಅವಧಿಯಲ್ಲೇ ಹಾಕಬೇಕು, ಎಚ್‌ಆರ್ ವಿಭಾಗದವರು ತಾವಾಗಿ ನೆನಪಿಸುವರೆಂದು ಕಾಯಬಾರದು. 65 ದಾಟಿದವರಿಗೆ ಹೊಸ ಪಾಲಿಸಿ ನಿರಾಕರಿಸಲು ಕಾರಣವಾಗಿದ್ದ ವಯೋಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದುಹಾಕಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಪ್ರೀಮಿಯಂ ಕಟ್ಟುವ ಹೊಣೆಯನ್ನು ಅಣ್ಣ ತಮ್ಮ ಅಕ್ಕ ತಂಗಿಯರೊಂದಿಗೆ ಹಂಚಿಕೊಳ್ಳಲು ಇದೇ ಸರಿಯಾದ ಸಮಯ. ಕಂಪನಿಯಿಂದ ಬರುತ್ತಿದ್ದಾಗ ಅದಕ್ಕೊಂದು ಬೆಲೆ ಇದೆಯೆಂದು ಯಾರಿಗೂ ಅನ್ನಿಸಿರುವುದಿಲ್ಲ.

ಸ್ವತಂತ್ರವಾಗಿ ಕೆಲಸ ಮಾಡುವಾಗ ಶುಲ್ಕವನ್ನು ಹೇಗೆ ನಿಗದಿ ಮಾಡುವುದು?

ವರ್ಷಕ್ಕೆ 24 ಲಕ್ಷ ಸಿಟಿಸಿ (ಕಂಪನಿ ನೌಕರನಿಗಾಗಿ ಮಾಡುವ ಒಟ್ಟು ವೆಚ್ಚ) ಇದ್ದವರು 240 ಕೆಲಸದ ದಿನಗಳಿಂದ ಭಾಗಿಸಿ ದಿನಕ್ಕೆ 10,000 ಎಂದು ಹೇಳಿಬಿಡುತ್ತಾರೆ. ಇದು ಕೈಕಚ್ಚುವ ಲೆಕ್ಕ. ಗ್ರಾಹಕರನ್ನು ಹುಡುಕುವುದು, ಕೊಟೇಶನ್ ಬರೆಯುವುದು, ಬಿಲ್ಲು ವಸೂಲಿ, ಹೊಸದನ್ನು ಕಲಿಯುವುದು, ಕಾಯಿಲೆ, ಹಬ್ಬ ಎಲ್ಲ ಕಳೆದು ಬಿಲ್ ಮಾಡಬಹುದಾದ ದಿನಗಳು ಅರ್ಧದಷ್ಟು ಉಳಿದರೆ ಅದೇ ಹೆಚ್ಚು. ಹಾಗಾದರೆ ದರ ದಿನಕ್ಕೆ 20,000 ಆಗುತ್ತದೆ. ಕೇಳಲು ನಾಲಿಗೆ ತಡವರಿಸುತ್ತದೆ ಎಂಬುದು ನನಗೆ ಗೊತ್ತು, ಆದರೂ ಲೆಕ್ಕ ಅದೇ.

ಒಂದು ಲಕ್ಷದ ಬಿಲ್ಲಿಗೆ ವೃತ್ತಿಪರ ಸೇವೆಯ ಶೇ 10 ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಕಡಿತವಾಗಿ 90,000 ಕೈಗೆ ಬರುತ್ತದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಲೆಕ್ಕಪತ್ರ, ಒಳಾಂಗಣ ವಿನ್ಯಾಸದಂಥ ಕೆಲವು ವೃತ್ತಿಗಳವರು ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ಪದ್ಧತಿ ಇದೆ. ಅದರ ಮಿತಿ 50 ಲಕ್ಷ, ನಗದು ಗಳಿಕೆ ಶೇ 5 ಮೀರದಿದ್ದರೆ 75 ಲಕ್ಷ. ಆದರೂ ಬಂದ ಪ್ರತಿ ಬಿಲ್ಲಿನ ಒಂದು ಪಾಲನ್ನು ಮುಂಗಡ ತೆರಿಗೆಗೆ ತೆಗೆದಿಡದಿದ್ದರೆ ಅದನ್ನು ಕಟ್ಟಬೇಕಾದ ಮಾರ್ಚ್ 15ರ ಹೊತ್ತಿಗೆ ಮನೆ ಖರ್ಚಿನ ಹಣಕ್ಕೇ ಕೈಹಾಕಬೇಕಾಗುತ್ತದೆ.

ಶುಲ್ಕದ ಪ್ರಶ್ನೆ ವೃತ್ತಿಯ ದಾರಿಯನ್ನೇ ತಿರುಗಿಸುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಉಳಿತಾಯ ಕಡಿಮೆ ಇರುವವರು ಮೊದಲ ವರ್ಷ ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ನಾಯಕತ್ವ ತರಬೇತಿ ಕೊಡಬೇಕೆಂದು ಹೊರಬಂದವರು ರೆಸ್ಯೂಮೆ ತಿದ್ದಿಕೊಡುವ ಸಣ್ಣ ಕೆಲಸಗಳನ್ನು ಹಿಡಿಯುತ್ತಾರೆ. ಅದನ್ನು ಚೆನ್ನಾಗಿ ಮಾಡಿದ್ದರಿಂದ ಅಂಥವೇ ಇನ್ನಷ್ಟು ಬರುತ್ತವೆ. ಎರಡು ವರ್ಷದಲ್ಲಿ ಪೇಟೆಯಲ್ಲಿ ಅವರ ಗುರುತು ಅದೇ ಆಗಿಬಿಟ್ಟಿರುತ್ತದೆ. ಮೊದಲು ಹೇಳಿದ ಹದಿನೆಂಟು ತಿಂಗಳ ಹಣದ ನಿಜವಾದ ಉಪಯೋಗ ಇಲ್ಲಿದೆ: ಬೇಡದ ಕೆಲಸಕ್ಕೆ ಬೇಡ ಎನ್ನಲು ಅದು ಬೇಕು.

ಕೆಲಸ ಮುಗಿಸಿಕೊಟ್ಟರೂ ಗ್ರಾಹಕರು ಹಣ ಕೊಡುತ್ತಿಲ್ಲ. ಪರಿಚಯದವರು, ಗಟ್ಟಿಯಾಗಿ ಕೇಳಲು ಸಂಕೋಚ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ, ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನದೊಳಗೆ ಹಣ ಸಂದಾಯವಾಗಬೇಕು; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಈ ನಿಯಮವನ್ನು ಬಿಲ್ಲಿನ ಕೆಳಗೆ ಮೊದಲ ದಿನವೇ ಅಚ್ಚು ಹಾಕಿಸಿದರೆ ಪರಿಚಿತರಿಗೆ ಮುಖ ಕೊಟ್ಟು ಹೇಳುವ ಕಷ್ಟ ತಪ್ಪುತ್ತದೆ. ದೊಡ್ಡ ಕೆಲಸಕ್ಕೆ ಮೂರನೇ ಒಂದು ಭಾಗ ಮುಂಗಡ ಕೇಳುವುದು ಅವಿಶ್ವಾಸವೆಂದು ಯಾರೂ ತಿಳಿಯುವುದಿಲ್ಲ.

ಹಳೆಯ ಕಂಪನಿ ಅದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದೆಂದು ಸಹಿ ಹಾಕಿಸಿಕೊಂಡಿದೆ. ತಡೆಯಬಹುದೇ?

1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಪ್ರಕಾರ ವೃತ್ತಿ ಮಾಡದಂತೆ ತಡೆಯುವ ಒಪ್ಪಂದ ಅಸಿಂಧು. ಕೆಲಸ ಬಿಟ್ಟ ನಂತರದ ಇಂಥ ಷರತ್ತುಗಳು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯ ಮಾಹಿತಿಯನ್ನು ಬಳಸಬಾರದೆಂಬ ಷರತ್ತು ನಿಲ್ಲುತ್ತದೆ. ಇಂತಿಷ್ಟು ವರ್ಷ ದುಡಿಯದಿದ್ದರೆ ಹಣ ಕಟ್ಟಬೇಕೆಂಬ ಬಾಂಡ್‌ಗಳ ವಿಚಾರ ಬೇರೆ: ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲು ಹೊರಟ ಅಧಿಕಾರಿ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ಆಫೀಸಿನ ಗೆಳೆಯನ ಜೊತೆ ಸೇರಿ ಉದ್ಯಮ ಮಾಡುತ್ತಿದ್ದೇವೆ. ಪತ್ರ ಮಾಡಿಸುವುದು ಅಗತ್ಯವೇ?

ಅಗತ್ಯ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಪಾಲು. ನೀವು 20 ಲಕ್ಷ ಹಾಕಿ ಗೆಳೆಯ 2 ಲಕ್ಷ ಹಾಕಿದ್ದರೂ ಸಮಪಾಲೇ. ಇಬ್ಬರಲ್ಲಿ ಒಬ್ಬರ ಮನೆಗೆ ಸಂಗಾತಿಯ ಸಂಬಳವಿದ್ದು ಇನ್ನೊಬ್ಬರಿಗೆ ಇಲ್ಲದಿರುವಾಗ ಜಗಳ ಹುಟ್ಟುವುದು ಹೆಚ್ಚು: ಒಬ್ಬರು ಲಾಭವನ್ನು ಉದ್ಯಮದಲ್ಲೇ ಬಿಡೋಣ ಎನ್ನುತ್ತಾರೆ, ಇನ್ನೊಬ್ಬರಿಗೆ ಈ ತಿಂಗಳ ಬಾಡಿಗೆಗೆ ಅದೇ ಹಣ ಬೇಕಿರುತ್ತದೆ. ಇಬ್ಬರೂ ಸರಿ. ಆದ್ದರಿಂದ ತಿಂಗಳಿಗೆ ತಲಾ ಎಷ್ಟು ತೆಗೆದುಕೊಳ್ಳಬೇಕು, ಒಬ್ಬರು ಹೊರಟರೆ ಅವರ ಪಾಲಿನ ಬೆಲೆಯನ್ನು ಹೇಗೆ ಕಟ್ಟಬೇಕು ಎಂಬುದು ಪತ್ರದಲ್ಲಿರಲಿ. ಸಾಲದ ಹೊಣೆ ಮನೆ ಮಠಕ್ಕೆ ಬರಬಾರದೆಂದರೆ 2008ರ ಕಾಯ್ದೆಯಡಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಳ್ಳುವುದು ಮೇಲು.

ಸೆಟ್ಲ್‌ಮೆಂಟ್ ಹಣ ಬಂದಿದೆ ಎಂದು ತಿಳಿದು ನೆಂಟರು ಕೈಗಡ ಕೇಳುತ್ತಿದ್ದಾರೆ.

ಇದು ಹೊಸ ಸಂಕಟವಲ್ಲ. 2000–01ರಲ್ಲಿ ಸಾರ್ವಜನಿಕ ಬ್ಯಾಂಕುಗಳ ನೌಕರರು ಸ್ವಯಂ ನಿವೃತ್ತಿ ಪಡೆದಾಗಲೂ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು ವಿಆರ್‌ಎಸ್ ತೆಗೆದುಕೊಂಡಾಗಲೂ ಇಡಿಗಂಟಿನ ಸುದ್ದಿ ಬಂಧುಬಳಗದಲ್ಲಿ ಹಬ್ಬುತ್ತಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಅನುಭವದಿಂದಲೇ ಹುಟ್ಟಿದೆ. ಕೆಲಸದಲ್ಲಿದ್ದಾಗ ಕೊಟ್ಟ 50,000 ಮರಳಿ ಬರದಿದ್ದರೆ ಮುಂದಿನ ಸಂಬಳ ಆ ನಷ್ಟವನ್ನು ತುಂಬುತ್ತಿತ್ತು, ಈಗ ತುಂಬುವವರಿಲ್ಲ. ಈ ಹಣ ಮುಂದಿನ ಹದಿನೆಂಟು ತಿಂಗಳ ನಮ್ಮ ಸಂಬಳ, ತಿಂಗಳಿಗಿಷ್ಟು ಎಂದು ಈಗಾಗಲೇ ಹಂಚಿಹೋಗಿದೆ ಎಂದು ನಿಜವನ್ನೇ ಹೇಳಿ. ಕೊಡಲೇಬೇಕಾದ ಕಷ್ಟವಿದ್ದರೆ, ಮರಳಿ ಬರದಿದ್ದರೂ ಮನಸ್ಸು ಕೆಡದಷ್ಟನ್ನು ಮಾತ್ರ ಕೊಡಿ. 20,000 ರೂಪಾಯಿ ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿರುವುದರಿಂದ ಬ್ಯಾಂಕ್ ಮೂಲಕವೇ ಕೊಡಿ.

ಜಾಮೀನು ಸಹಿಯನ್ನು ಮಾತ್ರ ಹಾಕಲೇಬೇಡಿ. ಒಪ್ಪಂದ ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ; ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಬೇಕೆಂಬ ನಿಯಮವಿಲ್ಲ.

ಮದುವೆ, ಗೃಹಪ್ರವೇಶಗಳಲ್ಲಿ ಮೊದಲಿನಂತೆ ಮುಯ್ಯಿ ಮಾಡಲು ಆಗುತ್ತಿಲ್ಲ.

ಮುಯ್ಯಿ ಎಂದರೆ ಪಡೆದದ್ದನ್ನು ಹಿಂದಿರುಗಿಸುವ ಪದ್ಧತಿ, ಹಲವು ಮನೆಗಳಲ್ಲಿ ಅದಕ್ಕೆ ಪುಸ್ತಕವೇ ಇದೆ. ನಿಮ್ಮ ಮನೆಯ ಕಾರ್ಯಕ್ಕೆ ಅವರು ಮಾಡಿದ್ದಷ್ಟನ್ನು ಮಾಡಿ. ಕಂಪನಿಯ ದಿನಗಳಲ್ಲಿ ಏರಿಸಿಕೊಂಡ ಮಟ್ಟವನ್ನು ಇಳಿಸಿ. ಮುಯ್ಯಿಗೆ ಹಣವಿಲ್ಲವೆಂದು ಕಾರ್ಯಕ್ಕೇ ಹೋಗದಿರುವುದು ಮಾತ್ರ ಬೇಡ. ಹಿಂದಿನ ದಿನವೇ ಹೋಗಿ ಕೆಲಸಕ್ಕೆ ನಿಲ್ಲುವಷ್ಟು ಸಮಯ ಈಗ ನಿಮ್ಮಲ್ಲಿದೆ, ಮನೆಯವರು ಅದನ್ನು ಹೆಚ್ಚು ಕಾಲ ನೆನೆಯುತ್ತಾರೆ.

ಊರಿಗೆ ಮರಳಿ ಬೇಸಾಯ ಮಾಡಬೇಕೆಂದಿದ್ದೇನೆ. ಅಣ್ಣ ಊರಿನಲ್ಲೇ ಇದ್ದಾನೆ.

ಜಮೀನು ಕೊಳ್ಳುವ ಕಾನೂನು ತೊಡಕು ಈಗ ಕಡಿಮೆಯಾಗಿದೆ. ಕೃಷಿಯೇತರ ಆದಾಯ 25 ಲಕ್ಷ ಮೀರಿದವರು ಮತ್ತು ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ರದ್ದುಪಡಿಸಲಾಯಿತು. ಸ್ವಂತ ಊರಿನ ಪಿತ್ರಾರ್ಜಿತ ಜಮೀನಿಗೆ ಮರಳುವವರ ತೊಡಕು ಬೇರೆ, ಅದು ಮನೆಯೊಳಗಿನದು.

ನೀವು ಪೇಟೆಯಲ್ಲಿದ್ದ ಹದಿನೈದು ವರ್ಷ ಅಣ್ಣ ಆ ಜಮೀನನ್ನು ನೋಡಿಕೊಂಡಿದ್ದಾನೆ, ತಂದೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾನೆ, ಅತ್ತಿಗೆ ಬಂದವರಿಗೆಲ್ಲ ಬಡಿಸಿದ್ದಾಳೆ. ಅದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ. ನೀವು ಕೈಯಲ್ಲಿ ಹಣ ಹಿಡಿದು, ಹನಿ ನೀರಾವರಿ, ಹೊಸ ಬೋರ್‌ವೆಲ್, ಹೊಸ ತಳಿ ಎನ್ನುತ್ತ ಬಂದಾಗ, ಆತನಿಗೆ ತನ್ನ ಇಷ್ಟು ವರ್ಷದ ದುಡಿಮೆಗೆ ಬೆಲೆಯಿಲ್ಲದಂತೆ ತೋರುವುದು ಸಹಜ. ಆದ್ದರಿಂದ ಯಂತ್ರ ಸಸಿಗಳ ಮಾತಿಗಿಂತ ಮೊದಲು ಆ ಲೆಕ್ಕವನ್ನು ಎತ್ತಬೇಕು, ಎತ್ತಬೇಕಾದವರು ನೀವೇ. ಪಾಲಿನಲ್ಲಿ ಆತನಿಗೆ ಹೆಚ್ಚು ಬಿಡುವುದೋ, ಕೆಲವು ವರ್ಷದ ಫಸಲನ್ನು ಬಿಟ್ಟುಕೊಡುವುದೋ ಎಂಬುದನ್ನು ಹಿರಿಯರ ಮುಂದೆ ತೀರ್ಮಾನಿಸಿ.

ಅಕ್ಕ ತಂಗಿಯರನ್ನು ಆ ಮಾತುಕತೆಗೆ ಕರೆಯದಿರುವುದು ತಪ್ಪು. 1994ರಲ್ಲೇ ಕರ್ನಾಟಕದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ವಿಭಾಗಪತ್ರ ನೋಂದಣಿಯಾಗಿ ಪಹಣಿ ನಿಮ್ಮ ಹೆಸರಿಗೆ ಬರುವವರೆಗೆ ಆ ನೆಲದಲ್ಲಿ ಬೋರ್‌ವೆಲ್‌ಗೆ ಹಣ ಸುರಿಯಬೇಡಿ. ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರ ಕೊಡಿಸುವ ಬಡ್ಡಿರಹಿತ ಅಲ್ಪಾವಧಿ ಬೆಳೆ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು, ಅದಕ್ಕೂ ಜಮೀನಿನ ದಾಖಲೆ ಬೇಕು.

ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಮಲೆನಾಡಿನಲ್ಲಿ ಎಲೆಚುಕ್ಕಿ ರೋಗದ ಕಾಟವೂ ಇದೆ. ಅಲ್ಲಿಯವರೆಗೆ ತಿಂಗಳ ಖರ್ಚಿಗೆ ಹಸು, ತರಕಾರಿ ಅಥವಾ ಮನೆಯಿಂದಲೇ ಮಾಡುವ ಹಳೆಯ ವೃತ್ತಿಯ ಕೆಲಸ, ಯಾವುದಾದರೊಂದು ಇರಲೇಬೇಕು.

ನನಗಿನ್ನೂ ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದಲ್ಲಿ ಕೆಲಸ ಬಿಟ್ಟಿದ್ದನ್ನು ಹೇಗೆ ಹೇಳುವುದು?

ಸಲಹೆಗಾರ, ಸಂಸ್ಥಾಪಕ ಎಂಬ ದೊಡ್ಡ ಹೆಸರುಗಳ ಹಿಂದೆ ನಿಲ್ಲದೆ, ಕಳೆದ ವರ್ಷ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಆದಾಯವನ್ನೂ ಇರುವ ಸಾಲವನ್ನೂ ಹುಡುಗಿಗೆ ನೇರವಾಗಿ ತಿಳಿಸಿ. ಹಿರಿಯರು ಒಂದು ಕಂಪನಿಯ ಹೆಸರನ್ನು ಕೇಳಲು ಬಯಸುವುದು ದುರಾಸೆಯಿಂದಲ್ಲ, ಮಗಳ ಮನೆಗೆ ತಿಂಗಳು ತಿಂಗಳು ಹಣ ಬರುತ್ತದೆಯೇ ಎಂಬ ಚಿಂತೆಯಿಂದ. ಆ ಚಿಂತೆಗೆ ಉತ್ತರವಿದ್ದರೆ ಬಹಳ ಮನೆಗಳಲ್ಲಿ ಮಾತು ಮುಂದುವರಿಯುತ್ತದೆ. ನೀವು ಹುಡುಗಿಯಾಗಿದ್ದರೆ, ಮದುವೆಯ ನಂತರವೂ ಉದ್ಯಮ ಮುಂದುವರಿಯುತ್ತದೆ ಮತ್ತು ಅದರ ಖಾತೆ ನಿಮ್ಮ ಹೆಸರಿನಲ್ಲೇ ಇರುತ್ತದೆ ಎಂಬುದನ್ನು ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದೇವೆ. ಈ ಸಲಹೆಗಳು ನಮಗೂ ಹೊಂದುತ್ತವೆಯೇ?

ನಿಮಗೆ ಹಣಕ್ಕಿಂತ ಮೊದಲು ಕಾಲದ ಗಡಿ ಎದುರಾಗುತ್ತದೆ. ಕೆಲಸ ಹೋದ ಮೇಲೆ ಗರಿಷ್ಠ 60 ದಿನದೊಳಗೆ ಹೊಸ ಉದ್ಯೋಗದಾತರು ಅರ್ಜಿ ಹಾಕಬೇಕು, ನೀವು ವೀಸಾ ವರ್ಗ ಬದಲಿಸಬೇಕು ಅಥವಾ ದೇಶ ಬಿಡಬೇಕು. ಅವಲಂಬಿತರ ಎಚ್-4 ವೀಸಾದಲ್ಲಿರುವ ಸಂಗಾತಿಯ ವಾಸ್ತವ್ಯವೂ ನಿಮ್ಮದನ್ನೇ ಅವಲಂಬಿಸಿದೆ. ಊರಿಗೆ ಮರಳುವ ಆತುರದಲ್ಲಿ 401(ಕೆ) ಎಂಬ ಅಲ್ಲಿನ ನಿವೃತ್ತಿ ಉಳಿತಾಯದ ಹಣವನ್ನು ತೆಗೆದರೆ, ಐವತ್ತೊಂಬತ್ತೂವರೆ ವಯಸ್ಸು ತುಂಬದವರಿಗೆ ಸಾಮಾನ್ಯವಾಗಿ ಆದಾಯ ತೆರಿಗೆಯ ಮೇಲೆ ಶೇ 10 ಹೆಚ್ಚುವರಿ ತೆರಿಗೆ ಬೀಳುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಲೂಬಹುದು.

ಎರಡು ವರ್ಷವಾಯಿತು, ಹಣ ಸಾಲುತ್ತಿಲ್ಲ. ಮತ್ತೆ ನೌಕರಿಗೆ ಹೋದರೆ ಸೋತಂತೆ ಅಲ್ಲವೇ?

ಅಲ್ಲ. ಹಣ ಪೂರ್ತಿ ಮುಗಿದ ಮೇಲೆ ಹುಡುಕಲು ಹೊರಟರೆ ಮೊದಲು ಸಿಕ್ಕಿದ್ದನ್ನು ಒಪ್ಪಬೇಕಾಗುತ್ತದೆ, ಆದ್ದರಿಂದ ಕನಿಷ್ಠ ಐದಾರು ತಿಂಗಳ ಖರ್ಚು ಉಳಿದಿರುವಾಗಲೇ ಹುಡುಕಾಟ ಆರಂಭಿಸಿ. ಎರಡು ವರ್ಷವನ್ನು ರೆಸ್ಯೂಮೆಯಲ್ಲಿ ಖಾಲಿ ಬಿಡಬೇಡಿ. ಮಾಡಿದ ಕೆಲಸ, ಗ್ರಾಹಕರ ಸಂಖ್ಯೆ, ವಹಿವಾಟನ್ನು ಬರೆಯಿರಿ. ತೆರಿಗೆ ರಿಟರ್ನ್ ಮತ್ತು ಬಿಲ್ಲುಗಳು ಅದಕ್ಕೆ ಪುರಾವೆಯಾಗುತ್ತವೆ. ಹಳೆಯ ಸಂಬಳವೆಷ್ಟು ಎಂದು ಕೇಳಿದರೆ ಎರಡು ವರ್ಷ ಹಿಂದಿನ ಅಂಕಿಯಿಂದ ಆರಂಭಿಸದೆ ಆ ಹುದ್ದೆಗೆ ಇಂದು ಪೇಟೆಯಲ್ಲಿರುವ ಸಂಬಳದಿಂದ ಮಾತು ಆರಂಭಿಸಿ. ಪಿಎಫ್ ಖಾತೆಯ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಸಂಖ್ಯೆ) ಕೊಟ್ಟು ಪಿಎಫ್ ಮುಂದುವರಿಸಿ. ಮೊದಲ ಸಂಬಳ ಬಂದ ತಿಂಗಳಲ್ಲೇ, ಈ ಎರಡು ವರ್ಷ ಮನೆಯನ್ನು ಹೊತ್ತ ಸಂಗಾತಿಯೊಂದಿಗೆ ಕುಳಿತು, ಅವರು ಮುಂದೂಡಿದ್ದ ಓದು, ಕೆಲಸ ಬದಲಾವಣೆ ಅಥವಾ ವಿಶ್ರಾಂತಿಗೆ ಈ ಸಂಬಳದಲ್ಲಿ ಎಷ್ಟು ತೆಗೆದಿಡಬೇಕು ಎಂಬುದನ್ನು ನಿರ್ಧರಿಸಿ.